ಲಾಡಬಿ ಅಕ್ಕನ ಬಾವಿಯ ನೀರು

ವಿದ್ಯಾಗಿರಿ, ಬಾಗಲಕೋಟೆ
ತಾ. 12-6-1978

ಗೆಳೆಯಾ ಫಕ್ರುಸಾಬ,

ಆರು ವರ್ಷಗಳ ಮೇಲೆ ನನ್ನ ಅಕ್ಷರ ನೋಡಿ ನಿನಗೆ ಸಿಟ್ಟು ಬರುತ್ತದೋ ನಗು ಬರುತ್ತದೋ ತಿಳಿಯದು. ಎರಡೂ ಬಂದರೂ ಪೂರ್ತಿ ಓದು.

ಮೊನ್ನೆ ಕೆರೂರ ಸಂತೆಯಲ್ಲಿ ಇಳಕಲ್ಲ ಸೀರೆ ಮಾರುವವನ ಮುಂದೆ ಸುಮ್ಮನೆ ನಿಂತೆ. ಒಂದು ಸೆರಗಿನ ಕೆಂಪು ನೋಡಿದ ಕೂಡಲೇ ಇದು ನಿಮ್ಮ ಬಣ್ಣದ ಹಂಡೆಯಲ್ಲಿ ಅದ್ದಿದ ರೇಷ್ಮೆ ಅನಿಸಿತು. ಹೌದೋ ಅಲ್ಲವೋ ಗೊತ್ತಿಲ್ಲ. ಆದರೆ ಅಲ್ಲಿಂದ ಮನೆಗೆ ಬರುವವರೆಗೂ ಹುನಗುಂದದ ಹೈಸ್ಕೂಲು, ನಿನ್ನ ಸೋದರಮಾವನ ಸೈಕಲ್ಲು, ಶನಿವಾರದ ಅರ್ಧ ದಿನದ ಸಾಲಿ ಇವೇ ತಲೆಯಲ್ಲಿ ತಿರುಗಿದವು. ಒಬ್ಬ ತುಳಿಯುವುದು, ಒಬ್ಬ ಹಿಂದೆ ಕೂರುವುದು. ಏರು ಬಂದರೆ ಇಬ್ಬರೂ ಇಳಿದು ನೂಕುವುದು. ಇಳಕಲ್ಲ ಮುಟ್ಟಿದಾಗ ನಿಮ್ಮ ಹಿತ್ತಲ ಬಾವಿಯ ಕಟ್ಟೆಯ ಮೇಲೆ ಲಾಡಬಿ ಅಕ್ಕ ಇರುತ್ತಿದ್ದಳು. "ಮದಲ ನೀರ ಕುಡೀರಿ, ಆಮ್ಯಾಲ ಮಾತು" ಅನ್ನುತ್ತಿದ್ದಳು. ಅಷ್ಟು ಸಿಹಿ ನೀರನ್ನು ನಾನು ಮತ್ತೆಲ್ಲೂ ಕುಡಿದಿಲ್ಲ.

ಈಗ ಆ ನೀರೇ ಬೇಕಾಗಿದೆ. ಇಲ್ಲಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ ಧಾರವಾಡದ ಗುರುಗಳೊಬ್ಬರ ಕೈಕೆಳಗೆ ಪಿಎಚ್.ಡಿ.ಗೆ ಸೇರಿದ್ದೇನೆ. ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದಂತಿರುವ ಒಂದು ವಿಷದ ಲೋಹವನ್ನು ಬಣ್ಣದಿಂದ ಪತ್ತೆ ಹಚ್ಚುವುದು ನನ್ನ ಕೆಲಸ. ನನ್ನ ಹತ್ತಿರ ಹಸಿರು ಬಣ್ಣದ ಒಂದು ದ್ರಾವಣವಿದೆ. ನೀರಿಗೆ ಹಾಕಿ ಅಲುಗಾಡಿಸಿದಾಗ ಹಸಿರೇ ಉಳಿದರೆ ನೀರು ಸ್ವಚ್ಛ. ವಿಷವಿದ್ದರೆ ಕಿತ್ತಳೆಗೆ ತಿರುಗುತ್ತದೆ. ನಮ್ಮ ಕಣ್ಣಿಗೆ ಸಿಗದ ಸಣ್ಣ ಬದಲಾವಣೆಯನ್ನು ಹಿಡಿಯಲು ಒಂದು ಪೆಟ್ಟಿಗೆ ಮಾಡಿದ್ದೇನೆ. ಒಳಗೆ ಬ್ಯಾಟರಿಯ ಬಲ್ಬು, ಎದುರಿಗೆ ಬೆಳಕನ್ನು ಅಳೆಯುವ ಒಂದು ಬಿಲ್ಲೆ, ಮೇಲೆ ಗಡಿಯಾರದಂಥ ಮುಳ್ಳು. ಬಣ್ಣದ ವಿಷಯವನ್ನು ನಿನಗೆ ನಾನು ಹೇಳಿಕೊಡುವ ಹಾಗಾಯಿತು ನೋಡು!

ಹೋಲಿಸಿ ನೋಡಲು ಕಾರ್ಖಾನೆಯ ಸುಳಿವಿಲ್ಲದ ಊರುಗಳ ಸ್ವಚ್ಛ ನೀರು ಬೇಕು. ಬಾದಾಮಿಯ ಹೊಂಡದ್ದು ತಂದಿದ್ದೇನೆ, ಕೆರೂರ ಬಾವಿಯದು ತಂದಿದ್ದೇನೆ. ಮೂರನೆಯದು ನಿಮ್ಮ ಹಿತ್ತಲಿನದೇ ಆಗಲಿ ಎಂದು ಮನಸ್ಸು. ಒಂದು ಗಾಜಿನ ಬಾಟಲಿಯನ್ನು ಚೆನ್ನಾಗಿ ತೊಳೆದು ತುಂಬಿ ಬಸ್ಸಿನವರ ಕೈಯಲ್ಲಿ ಕಳಿಸು.

ನಿನ್ನ
ರಾಚಪ್ಪ

•

ಇಳಕಲ್ಲ
ತಾ. 28-6-1978

ರಾಚಪ್ಪಾ,

ಸಿಟ್ಟೂ ಬಂತು, ನಗುವೂ ಬಂತು. ಪತ್ರವನ್ನು ಅಕ್ಕನಿಗೆ ಎರಡು ಸಲ ಓದಿ ಹೇಳಿದೆ. ಬಾವಿಯ ಮಾತು ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಂವಾ ಇಲ್ಲಿ ಬರದ ಬ್ಯಾರೆ ಊರಾಗ ನೀರ ಕುಡ್ಯಾಕತ್ಯಾನ, ಅದಕ್ಕ ಬಡಕಾಗಿರಬೇಕು" ಅಂದಳು. ನೀನು ಈಗ ದಪ್ಪಗಾಗಿದ್ದೀ ಎಂದು ಬಸ್ಸಿನವರು ಹೇಳಿದ್ದನ್ನು ನಾನು ಅವಳಿಗೆ ಹೇಳಲಿಲ್ಲ.

ಬಾಟಲಿಯನ್ನು ಸೋಡಾ ಹಾಕಿ ಬಿಸಿನೀರಿನಲ್ಲಿ ಮೂರು ಸಲ ತೊಳೆದು, ಬಾವಿಯ ನೀರಿನಿಂದ ಮತ್ತೆ ಜಾಲಾಡಿಸಿ ತುಂಬಿದ್ದೇನೆ. ನೀರು ಸೇದಿದವಳು ಅಕ್ಕ. ಬಸ್ಸಿನ ಡ್ರೈವರ ಮಹಮ್ಮದ ನಿನ್ನ ಕಾಲೇಜಿಗೇ ತಂದುಕೊಡುತ್ತಾನೆ.

ಇಲ್ಲಿ ಎಲ್ಲ ಹಾಗೇ ಇದೆ. ಅಪ್ಪ ಹೋದ ಮೇಲೆ ಹಂಡೆಗಳು ನನ್ನ ಪಾಲಿಗೆ ಬಂದವು. ಹಿತ್ತಲಿನ ಆಚೆ ಬದಿಯ ಮನೆಯಲ್ಲಿ ಅಕ್ಕ ಮತ್ತು ಜಾಫರಸಾಬ ಭಾವ ಇದ್ದಾರೆ. ಬಾವಿ ಎರಡೂ ಮನೆಗೆ ಒಂದೇ. ಭಾವನ ಕೈಗೆ ಈಗ ಪುರುಸೊತ್ತಿಲ್ಲ. ಇಷ್ಟಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆಗೆ ಬಂಗಾರ ಏರಿಸಲು ಹುಬ್ಬಳ್ಳಿಯಿಂದಲೂ ಜನ ಬರುತ್ತಾರೆ. ನಿನ್ನ ಮದುವೆಗೆ ನಾವು ಕೊಟ್ಟ ಕರಡಿಗೆಯೂ ಅವನದೇ ಕೈಕೆಲಸ, ಉಜ್ಜಿ ಹೊಳಪು ಕೊಟ್ಟವಳು ಅಕ್ಕ. ಅವಳು ದಿನವಿಡೀ ಅವನ ಒಲೆಯ ಪಕ್ಕ ಕೂತು ಅದೇ ಕೆಲಸ ಮಾಡುತ್ತಾಳೆ.

ಅಕ್ಕನ ಸ್ವಭಾವ ಸ್ವಲ್ಪ ಬದಲಾಗಿದೆ. ಒಂದು ಮಾತಿಗೆ ಅಳುತ್ತಾಳೆ, ಇನ್ನೊಂದಕ್ಕೆ ಬೈಯುತ್ತಾಳೆ. ವಯಸ್ಸಿನದೇ ಇರಬೇಕು. ನೀರಿನಲ್ಲಿ ಏನಾದರೂ ಕಂಡರೆ ಮುಚ್ಚಿಡದೆ ಬರಿ.

ಫಕ್ರುಸಾಬ

•

ವಿದ್ಯಾಗಿರಿ
ತಾ. 2-8-1978

ಪ್ರಿಯ ಫಕ್ರು,

ನೀರು ಮುಟ್ಟಿತು, ಉಪಯೋಗವಾಯಿತು. ನೀನೂ ಅಕ್ಕನೂ ಪಟ್ಟ ತೊಂದರೆಗೆ ಉಪಕಾರ.

ಬಾದಾಮಿಗೆ ನೀರು ತರಲು ಹೋದಾಗ ನಮ್ಮ ಹತ್ತನೆಯ ಇಯತ್ತೆಯ ಪ್ರವಾಸ ನೆನಪಾಯಿತು. ಮಾಸ್ತರರು ಗುಹೆಗಳ ಕಥೆ ಹೇಳುತ್ತಿದ್ದರೆ ನೀನು ಮಾತ್ರ ಬಂಡೆಯ ಬಣ್ಣವನ್ನೇ ನೋಡುತ್ತ ನಿಂತಿದ್ದೆ. ಬಿಸಿಲು ಏರಿದಂತೆ ಬಂಡೆ ಎಷ್ಟು ಸಲ ಬಣ್ಣ ಬದಲಿಸಿತು ಎಂದು ಲೆಕ್ಕ ಇಟ್ಟಿದ್ದೆ. ಏಳು ಸಲ ಅಂದಿದ್ದೆ. ನಮಗೆ ಎರಡೇ ಕಂಡಿದ್ದವು. ನೀನು ಮುಂದೆ ಓದಿದ್ದರೆ ನನ್ನ ಪೆಟ್ಟಿಗೆಯೇ ಬೇಕಾಗುತ್ತಿರಲಿಲ್ಲ.

ನವೆಂಬರಿನಿಂದ ರಜೆ ಹಾಕಿ ಧಾರವಾಡಕ್ಕೆ ಹೋಗುತ್ತೇನೆ. ಅಕ್ಕನಿಗೂ ಭಾವನಿಗೂ ನಮಸ್ಕಾರ.

ರಾಚಪ್ಪ

•

ಇಳಕಲ್ಲ
ತಾ. 10-12-1978

ರಾಚಪ್ಪಾ,

ನಿನ್ನ ಪತ್ರ ಬಂದ ದಿನದಿಂದ ನಮ್ಮ ಓಣಿಯಲ್ಲಿ ಬಾವಿಗೆ ಮರ್ಯಾದೆ ಹೆಚ್ಚಿದೆ. ಕಾಲೇಜಿನಲ್ಲಿ ಯಂತ್ರ ಇಟ್ಟು ನೋಡಿದ ನೀರು ಎಂದು ನಾನೇ ಎಲ್ಲರಿಗೂ ಹೇಳಿದ್ದೇನೆ.

ಹೇಳಬೇಕಾದ ಕಾರಣವೂ ಬಂತು. ದೀಪಾವಳಿಯ ಹೊತ್ತಿಗೆ ಅಕ್ಕನ ಕೈ ನಡುಗಲು ಶುರುವಾಯಿತು. ಚಹದ ಬಸಿ ತುಟಿಗೆ ಮುಟ್ಟುವುದರೊಳಗೆ ಅರ್ಧ ಚೆಲ್ಲುತ್ತದೆ. ಪಕ್ಕದ ಮನೆಯ ಸಿದ್ದವ್ವ ಬಾವಿಯ ನೀರು ಕೆಟ್ಟಿರಬೇಕು ಅಂದಳು. ರಾಚಪ್ಪ ನೋಡಿದ್ದಾನೆ, ಏನೂ ಇಲ್ಲ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಡಾಕ್ಟರು ರಕ್ತ ಕಡಿಮೆ, ನೀರು ಹೆಚ್ಚು ಕುಡಿಯಲಿ ಅಂದರು. ಅಕ್ಕ ಕುಡಿಯುತ್ತಿದ್ದಾಳೆ.

ನೀನು ಊರಲ್ಲಿ ಇಲ್ಲದಿದ್ದರೂ ಪತ್ರ ಕಾಲೇಜಿಗೆ ಹಾಕುತ್ತೇನೆ, ಮುಂದೆ ಕಳಿಸಬಹುದು.

ಫಕ್ರುಸಾಬ

•

ಇಳಕಲ್ಲ
ತಾ. 17-3-1979

ರಾಚಪ್ಪಾ,

ಮೂರು ತಿಂಗಳಾಯಿತು, ನಿನ್ನಿಂದ ಒಂದು ಕಾರ್ಡೂ ಇಲ್ಲ. ದೊಡ್ಡ ಊರಿನಲ್ಲಿ ದೊಡ್ಡವರ ನಡುವೆ ಇದ್ದೀ, ಇರಲಿ.

ಅಕ್ಕನ ವಸಡಿನಿಂದ ರಕ್ತ ಬರುತ್ತದೆ, ಎರಡು ಹಲ್ಲು ಅಲುಗಾಡುತ್ತಿವೆ. ಕುಪ್ಪಸದ ಗುಂಡಿ ಹಾಕಲು ಮಗಳು ರಂಜಾನಬಿ ಬೇಕು. ಅದಕ್ಕಿಂತ ನನಗೆ ಹೆದರಿಕೆ ಹುಟ್ಟಿಸಿದ್ದು ಬೇರೆ. ಓಣಿಯ ಯಾವ ಮನೆಯಲ್ಲಿ ಹೆರಿಗೆಯಾದರೂ ಮೊದಲು ಹೋಗುತ್ತಿದ್ದ ಅಕ್ಕ ಈಗ ಮನೆಗೆ ಯಾರಾದರೂ ಬಂದರೆ ಒಳಗೆ ಹೋಗಿ ಬಾಗಿಲ ಹಿಂದೆ ನಿಲ್ಲುತ್ತಾಳೆ. ಮೊನ್ನೆ ನಾನು ಹೋದಾಗಲೂ ನಿಂತಿದ್ದಳು. ನನ್ನನ್ನು ನೋಡಿ ನಾಚಿಕೊಂಡಳು, ನಂತರ ಅತ್ತಳು.

ದರ್ಗಾಕ್ಕೆ ಕರೆದೊಯ್ದೆವು. ಎರಡು ದವಾಖಾನಿ ತಿರುಗಿದೆವು. ಬಾಗಲಕೋಟೆಯಲ್ಲಿ ನಿನಗೆ ಗುರುತಿನ ಡಾಕ್ಟರು ಯಾರಾದರೂ ಇದ್ದರೆ ತಿಳಿಸು.

ಫಕ್ರುಸಾಬ

•

ವಿದ್ಯಾಗಿರಿ
ತಾ. 26-3-1979

ಫಕ್ರು,

ನಿನ್ನೆ ಸಂಜೆ ಧಾರವಾಡದಿಂದ ಬಂದೆ. ಕುಳಗೇರಿ ಕ್ರಾಸಿನಲ್ಲಿ ಬಸ್ಸು ಕೆಟ್ಟು ಮೂರು ತಾಸು ಕೂತಿದ್ದೆ. ಆಗಲೂ ನಿಮ್ಮನ್ನು ನೆನೆಸಿ ಬೇಸಿಗೆ ರಜೆಗೆ ಇಳಕಲ್ಲಿಗೆ ಹೋಗಬೇಕು ಅಂದುಕೊಂಡೆ. ಇಂದು ಕಾಲೇಜಿನಲ್ಲಿ ನಿನ್ನ ಎರಡೂ ಪತ್ರಗಳು ಒಟ್ಟಿಗೆ ಸಿಕ್ಕವು. ಯಾರೂ ಮುಂದೆ ಕಳಿಸಿರಲಿಲ್ಲ.

ಒಂದೇ ಒಂದು ಪ್ರಶ್ನೆ. ಭಾವ ಬೆಳ್ಳಿಗೆ ಬಂಗಾರ ಏರಿಸುವುದು ಹೇಗೆ? ಮೊದಲಿನಿಂದ ಕೊನೆಯವರೆಗೆ, ಏನೇನು ಹಾಕುತ್ತಾನೆ, ಎಲ್ಲಿ ತೊಳೆಯುತ್ತಾನೆ, ಎಲ್ಲ ಬರಿ. ಬಂದ ಟಪಾಲಿಗೇ ಉತ್ತರ ಹಾಕು. ಅಲ್ಲಿಯವರೆಗೆ ಅಕ್ಕ ಒಲೆಯ ಹತ್ತಿರ ಹೋಗಬಾರದು, ಯಾರೂ ಬಾವಿಯ ನೀರು ಕುಡಿಯಬಾರದು. ಯಾಕೆಂದು ಈಗ ಕೇಳಬೇಡ.

ರಾಚಪ್ಪ

•

ಇಳಕಲ್ಲ
ತಾ. 30-3-1979

ರಾಚಪ್ಪಾ,

ನೀನು ಕೇಳಿದ್ದಕ್ಕೆ ಬರೆಯುತ್ತೇನೆ. ಬಂಗಾರದ ತೆಳ್ಳಗಿನ ಚೂರುಗಳನ್ನು ಪಾದರಸದಲ್ಲಿ ಕಲಸಿದರೆ ಬೆಣ್ಣೆಯಂತಾಗುತ್ತದೆ. ಬೆಳ್ಳಿಯ ಕರಡಿಗೆಯನ್ನು ಪಾದರಸ ಬೆರೆಸಿದ ಆಸಿಡ್‌ನಲ್ಲಿ ಅದ್ದಿ ತೆಗೆದು, ಆ ಬೆಣ್ಣೆಯನ್ನು ಬಳಿದು, ಇದ್ದಿಲ ಕೆಂಡದ ಮೇಲೆ ಹಿಡಿಯುತ್ತಾನೆ. ಪಾದರಸ ಹೊಗೆಯಾಗಿ ಹೋಗುತ್ತದೆ, ಬಂಗಾರ ಉಳಿಯುತ್ತದೆ. ಬಾವಿಯ ಪಕ್ಕದ ಕಲ್ಲುದೋಣಿಯಲ್ಲಿ ತೊಳೆದ ಮೇಲೆ ಅಕ್ಕ ಉಜ್ಜುತ್ತಾಳೆ. ದೋಣಿಯ ನೀರು ಅಲ್ಲೇ ಬಾವಿಯ ಬುಡಕ್ಕೆ ಹರಿದು ಹೋಗುತ್ತದೆ. ಇವರ ಮನೆತನದಲ್ಲಿ ಮೂರು ತಲೆಯಿಂದ ಹೀಗೇ ಮಾಡುತ್ತಾರೆ.

ಆದರೆ ನೀರು ಸರಿಯಿದೆ ಎಂದು ನೀನೇ ಬರೆದಿದ್ದೆಯಲ್ಲ? ಈಗ ಕುಡಿಯಬೇಡ ಅನ್ನುತ್ತೀ. ನನಗೆ ಏನೂ ತಿಳಿಯುತ್ತಿಲ್ಲ.

ಫಕ್ರುಸಾಬ

•

ವಿದ್ಯಾಗಿರಿ
ತಾ. 3-4-1979

ಫಕ್ರು,

ಈ ಪತ್ರವನ್ನು ಎರಡು ಸಲ ಬರೆದು ಹರಿದಿದ್ದೇನೆ.

ನಾನು ಹುಡುಕುತ್ತಿದ್ದ ವಿಷ ಪಾದರಸವೇ. ನಿನಗೆ ಅರ್ಥವಾಗಲಿಕ್ಕಿಲ್ಲ ಎಂದು ಮೊದಲ ಪತ್ರದಲ್ಲಿ ಹೆಸರು ಬರೆಯಲಿಲ್ಲ. ಬರೆದಿದ್ದರೆ ನೀನು ಅಂದೇ ಭಾವನ ಒಲೆಯ ಸುದ್ದಿ ಹೇಳುತ್ತಿದ್ದೆ. ಮದುವೆಗೆ ನೀವು ಕೊಟ್ಟ, ಬಂಗಾರ ಏರಿಸಿದ ಕರಡಿಗೆಯನ್ನು ಎಂಟು ವರ್ಷ ಎದೆಯ ಮೇಲೆ ಹೊತ್ತು ತಿರುಗಿದ್ದೇನೆ. ಅದನ್ನು ಹೇಗೆ ಮಾಡುತ್ತಾರೆ ಎಂದು ಒಮ್ಮೆಯೂ ಕೇಳಲಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಕೆಟ್ಟದ್ದು. ನಿಮ್ಮ ನೀರು ಬಂದ ದಿನವೇ ನಾನು ನೋಡಿದೆ. ಹಸಿರು ಕಿತ್ತಳೆಯಾಯಿತು. ಎರಡನೆಯ ಸಲವೂ ಕಿತ್ತಳೆಯಾಯಿತು, ಮುಳ್ಳು ಎಷ್ಟೋ ಮುಂದೆ ಸರಿಯಿತು. ಬಣ್ಣ ಹಾಕುವವರ ಮನೆಯ ಬಾಟಲಿ, ಸರಿಯಾಗಿ ತೊಳೆದಿಲ್ಲ ಅಂದುಕೊಂಡೆ. ನೀನು ಮೂರು ಸಲ ತೊಳೆದೆ ಎಂದು ಬರೆದಿದ್ದರೂ ನಂಬಲಿಲ್ಲ. ಉಳಿದ ನೀರನ್ನು ಮೋರಿಗೆ ಚೆಲ್ಲಿ, ನನ್ನ ಪ್ರಯೋಗದ ಪುಸ್ತಕದಲ್ಲಿ ಆ ಸಾಲು ಹೊಡೆದುಹಾಕಿದೆ. ನಿನ್ನ ಮನಸ್ಸಿಗೆ ನೋವಾಗಬಾರದು ಎಂದು 'ಉಪಯೋಗವಾಯಿತು' ಎಂದು ಬರೆದೆ. ಆ ಒಂದು ಶಬ್ದದ ಮೇಲೆ ನೀವು ಎಂಟು ತಿಂಗಳು ಆ ನೀರು ಕುಡಿದಿರಿ.

ನೀರಿಗಿಂತ ಒಲೆಯ ಹೊಗೆ ಹೆಚ್ಚು ಕೆಟ್ಟದ್ದು. ಅಕ್ಕನ ಕೈ, ವಸಡು, ಅಳು, ನಾಚಿಕೆ ಎಲ್ಲವೂ ಪಾದರಸದ ವಿಷದ ಲಕ್ಷಣಗಳೆಂದು ಪುಸ್ತಕದಲ್ಲಿವೆ. ನಾನು ಅಂದೇ ನಿಜ ಬರೆದಿದ್ದರೆ ಒಲೆಯ ಮಾತು ಅಂದೇ ಹೊರಗೆ ಬರುತ್ತಿತ್ತು. ಹುಬ್ಬಳ್ಳಿಯಲ್ಲಿ ಇದಕ್ಕೆ ಔಷಧ ಕೊಡುವ ಡಾಕ್ಟರಿದ್ದಾರೆ, ವಿಚಾರಿಸಿದ್ದೇನೆ. ರವಿವಾರ ಪೆಟ್ಟಿಗೆ ತಗೊಂಡು ಬರುತ್ತೇನೆ. ನೀನು ಬಾಗಿಲು ತೆರೆಯದಿದ್ದರೂ ಬರುತ್ತೇನೆ.

ರಾಚಪ್ಪ

•

ಇಳಕಲ್ಲ
ತಾ. 30-8-1979

ರಾಚಪ್ಪಾ,

ನೀನು ಬಂದುಹೋಗಿ ಐದು ತಿಂಗಳಾಗುತ್ತ ಬಂತು. ನೀನು ಹಾಕಿದ ನಾಲ್ಕೂ ಪತ್ರ ಮುಟ್ಟಿವೆ. ಬೇಕೆಂದೇ ಉತ್ತರ ಬರೆಯಲಿಲ್ಲ.

ಆ ದಿನ ನಮ್ಮ ಪಡಸಾಲೆಯಲ್ಲಿ ನೀನು ಕೆರೂರ ನೀರು, ನಿಮ್ಮ ಊರಿನ ನಳದ ನೀರು, ನಮ್ಮ ಬಾವಿಯ ನೀರು ಮೂರನ್ನೂ ಇಟ್ಟು ತೋರಿಸಿದೆ. ನಮ್ಮದು ಮಾತ್ರ ಕಿತ್ತಳೆಯಾದಾಗ ಭಾವ ಏನಂದ ಎಂದು ನೀನು ಮರೆತಿರಲಿಕ್ಕಿಲ್ಲ. "ಬಣ್ಣ ಬದಲಾದ್ರ ವಿಷ ಏನು? ನಮ್ಮ ಫಕ್ರು ದಿನಾ ಹತ್ತು ಬಣ್ಣ ಬದಲ ಮಾಡ್ತಾನ." ನೀನು ತಲೆ ತಗ್ಗಿಸಿ ಪೆಟ್ಟಿಗೆ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಹೊರಟೆ. ನಾನು ಕಳಿಸಲು ಬರಲಿಲ್ಲ.

ನೀನು ಹೋದ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಭಾವ ಹೋಗಿ ಒಲೆಗೆ ಇದ್ದಿಲು ಹಾಕಿದ. ಅಕ್ಕ ಬಾಗಿಲ ಹಿಂದಿನಿಂದ ಹೊರಗೆ ಬಂದಳು. ತಿಂಗಳುಗಟ್ಟಲೆ ಯಾರ ಮುಂದೂ ನಿಲ್ಲದವಳು ನಮ್ಮೆಲ್ಲರ ನಡುವೆ ಬಂದು ಎರಡೂ ಕೈಗಳನ್ನು ಭಾವನ ಮುಂದೆ ಚಾಚಿದಳು.

"ನಿಮ್ಮ ಅಪ್ಪನ ಕೈನೂ ಹಿಂಗ ನಡಗ್ತಿದ್ದುವು. ವಯಸ್ಸಾತು ಅಂದ್ರಿ. ಕಡೀಕ ಅವರ ಬಾಯಾಗ ತುತ್ತು ಇಟ್ಟಾಕಿ ನಾನು. ನನ್ನ ಬಾಯಾಗ ಯಾರ ಇಡ್ತೀರಿ, ಹೇಳ್ರಿ?"

ಭಾವ ಅವಳ ಕೈಗಳನ್ನು ನೋಡಿದ. ಅದೇ ಒಲೆಗೆ ಕೂತಿದ್ದ ತನ್ನ ಅಪ್ಪನ ನೆನಪು ಅವನಿಗೆ ಬಂದಿರಬೇಕು. ಕೆಂಡದ ಮೇಲೆ ನೀರು ಸುರಿದ. ಆಮೇಲೆ ಆ ಒಲೆ ಹೊತ್ತಲಿಲ್ಲ.

ಹುಬ್ಬಳ್ಳಿಯಲ್ಲಿ ಅಕ್ಕನನ್ನು ಇಪ್ಪತ್ತೆರಡು ದಿನ ಇಟ್ಟುಕೊಂಡು ಸೂಜಿ ಮಾಡಿದರು. ನೀನು ಹೇಳಿದ ಡಾಕ್ಟರೇ. ಅವಳ ಜೊತೆ ನಾನಿದ್ದೆ. ಬಾವಿಗೆ ಕಲ್ಲುಚಪ್ಪಡಿ ಹಾಕಿಸಿದೆವು. ಚಪ್ಪಡಿ ಇಡುವ ದಿನ ಸಿದ್ದವ್ವ ಬಂದು ಕುಂಕುಮ ಹಚ್ಚಿ ಕೈಮುಗಿದಳು, ಮನೆಯ ಹಿರಿಯರು ಹೋದ ಹಾಗೆ ಆಯಿತು ಅಂದಳು. ಭಾವ ಈಗ ನನ್ನ ಜೊತೆ ಹಂಡೆಗೆ ನಿಲ್ಲುತ್ತಾನೆ. ನಳದ ನೀರಿನಲ್ಲಿ ಕೆಂಪು ಮೊದಲಿನಂತೆ ಏಳುವುದಿಲ್ಲ. ನೇಕಾರರು ಕೇಳುತ್ತಾರೆ. ಏನು ಹೇಳಲಿ?

ಸಿಟ್ಟಿದೆಯೇ ಎಂದು ಪ್ರತಿ ಪತ್ರದಲ್ಲಿ ಕೇಳಿದ್ದೀ. ಇತ್ತು. ನೀರು ಚೆಲ್ಲಿದ್ದಕ್ಕಲ್ಲ. ನಾನು ಬಾಟಲಿ ತೊಳೆದದ್ದನ್ನು ನೀನು ನಂಬಲಿಲ್ಲವಲ್ಲ, ಅದಕ್ಕೆ. ಮೊನ್ನೆ ರಂಜಾನ ಹಬ್ಬದ ದಿನ ಅಕ್ಕ ತಾನೇ ಸುರಕುಂಬಾ ಪಾಯಸ ಮಾಡಿ, ಒಂದು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಇಟ್ಟಳು. ಸ್ವಲ್ಪವೇ ಚೆಲ್ಲಿತು. "ರಾಚಪ್ಪಗ ಬರದಿಯೇನು?" ಅಂದಳು. ಇಲ್ಲ ಅಂದೆ. "ಬರಿ" ಅಂದಳು. ಅದಕ್ಕೆ ಬರೆದಿದ್ದೇನೆ.

ಫಕ್ರುಸಾಬ

•

ವಿದ್ಯಾಗಿರಿ
ತಾ. 9-1-1980

ಪ್ರಿಯ ಫಕ್ರು,

ನಿನ್ನ ಪತ್ರವನ್ನು ಶಿವಲಿಂಗವ್ವನಿಗೆ ಓದಿ ಹೇಳಿದೆ. ನನ್ನ ಹೆಂಡತಿ ಎಂದೂ ನನ್ನನ್ನು ಬೈದವಳಲ್ಲ. ಅಂದು ಬೈದಳು, ನಂತರ ಇಳಕಲ್ಲಿಗೆ ಹೋಗೋಣ ನಡೀರಿ ಅಂದಳು.

ಧಾರವಾಡಕ್ಕೆ ಹೋಗಿ ಗುರುಗಳ ಮುಂದೆ ಹೊಡೆದುಹಾಕಿದ ಆ ಸಾಲನ್ನು ತೋರಿಸಿದೆ. ಅವರು ಕನ್ನಡಕ ತೆಗೆದಿಟ್ಟರು. ಒಂದು ಸಾಲು ಹೊಡೆದವನು ಇನ್ನೆಷ್ಟು ಹೊಡೆದಿರಬಹುದು, ಎಲ್ಲವನ್ನೂ ಮತ್ತೆ ಮಾಡು ಅಂದರು. ಒಂದು ವರ್ಷ ಹಿಂದೆ ಬಿದ್ದಿದ್ದೇನೆ. ಬೇಜಾರಿಲ್ಲ. ಬಣ್ಣದ ದ್ರಾವಣಕ್ಕೆ ಬೆಳಕು ತಾಗಿದರೆ ಕೆಡುತ್ತದೆ. ಹಾಗಾಗಿ ಇಲ್ಲಿ ನಮ್ಮ ಕಾಲೇಜಿನ ಉಗ್ರಾಣದ ಹಿಂದಿನ ಸಣ್ಣ ಕೋಣೆಯ ಕಿಟಕಿ ಬಾಗಿಲು ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಇರುತ್ತೇನೆ.

ಕತ್ತಲಲ್ಲಿ ಕೂತಾಗ ಹಳೆಯದೆಲ್ಲ ನೆನಪಾಗುತ್ತದೆ. ನನ್ನ ಇದ್ದೊಂದು ಬಿಳಿ ಅಂಗಿಗೆ ನಿಮ್ಮ ಹಂಡೆಯ ಕೆಂಪು ಸಿಡಿದ ದಿನ ನಾನು ಮನೆಗೆ ಹೋಗಲಾರೆ ಎಂದು ಅತ್ತಿದ್ದೆ. ಅಕ್ಕ ಅಂಗಿ ಬಿಚ್ಚಿಸಿ ಪೂರ್ತಿ ಹಂಡೆಯಲ್ಲಿ ಅದ್ದಿ ಒಣಗಿಸಿ ಕೊಟ್ಟಳು. ಈಗ ಕಲೆ ಎಲ್ಲೈತಿ ತೋರಿಸು ಅಂದಳು. ವರ್ಷವಿಡೀ ಕೆಂಪು ಅಂಗಿಯಲ್ಲಿ ಸಾಲಿಗೆ ಹೋದೆ.

ನಿಮ್ಮ ಬಾವಿಯ ವಿವರವನ್ನು ಪ್ರಬಂಧದಲ್ಲಿ ಬರೆಯಲು ಅಪ್ಪಣೆ ಬೇಕು. ಅಕ್ಕನನ್ನು ಕೇಳು.

ರಾಚಪ್ಪ

•

ಇಳಕಲ್ಲ
ತಾ. 14-3-1981

ರಾಚಪ್ಪಾ,

ರಂಜಾನಬಿಯ ಮದುವೆಗೆ ನೀವಿಬ್ಬರೂ ಬಂದು ಎರಡು ದಿನ ಇದ್ದದ್ದು ನಮಗೆಲ್ಲ ಹಬ್ಬವಾಯಿತು. ಮಗಳ ಕೈಗೆ ಮದರಂಗಿ ಹಚ್ಚಲು ಅಕ್ಕ ಬೇರೆ ಯಾರನ್ನೂ ಬಿಡಲಿಲ್ಲ, ನೀನು ನೋಡಿದೆಯಲ್ಲ. ಗೆರೆಗಳು ಅಲ್ಲಲ್ಲಿ ಸೊಟ್ಟಗಾದವು. ಆ ಕೈಯನ್ನೇ ರಂಜಾನಬಿ ಎಲ್ಲರಿಗೂ ತೋರಿಸುತ್ತ ತಿರುಗಿದಳು. ನೀನು ತಂದ ಪ್ರಬಂಧದಲ್ಲಿ ನಮ್ಮ ಬಾವಿಯ ಪುಟವನ್ನು ಭಾವ ಬಂದವರಿಗೆಲ್ಲ ತೆರೆದು ತೋರಿಸುತ್ತಾನೆ. ಅವನಿಗೆ ಇಂಗ್ಲಿಷ್ ಬರುವುದಿಲ್ಲ, ಪುಟದ ಅಂಕಿ ಗೊತ್ತು.

ಈಗ ಅಕ್ಕ ಹೇಳಿದ್ದನ್ನು ಬರೆಯುತ್ತೇನೆ. ಬರೆಯಲೋ ಬೇಡವೋ ಎಂದು ಎಂಟು ದಿನ ಯೋಚಿಸಿದೆ. ಮದುವೆಯ ಊಟದಲ್ಲಿ ನೀನು ನೀರಿನ ಲೋಟ ಎತ್ತಲಿಲ್ಲವಂತೆ. ಎಲ್ಲರೂ ಎದ್ದ ಮೇಲೆ ಗೋಡೆಯ ಕಡೆ ತಿರುಗಿ, ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡು ಕುಡಿದೆಯಂತೆ. ಶಿವಲಿಂಗವ್ವ ವೈನಿ ಏನೋ ಕೇಳಿದ್ದಕ್ಕೆ ಸಿಡುಕಿದೆಯಂತೆ. ಆ ಗದ್ದಲದಲ್ಲಿ ನನಗೆ ಏನೂ ಕಾಣಲಿಲ್ಲ.

ಅಕ್ಕ ಹೇಳಿದ ಮಾತು ಇದು. "ಎಲ್ಲಾರ ನೀರ ನೋಡಿದಿ. ನಿನ್ನ ಕೈ ಯಾವಾಗ ನೋಡ್ಕೋತೀ?"

ಫಕ್ರುಸಾಬ

•

ವಿದ್ಯಾಗಿರಿ
ತಾ. 2-4-1981

ಪ್ರಿಯ ಫಕ್ರು,

ಅಕ್ಕ ಕಂಡದ್ದು ಖರೆ. ಒಂದು ವರ್ಷದಿಂದ ನನ್ನ ಕೈ ನಡುಗುತ್ತಿದೆ. ಏನೆಂದು ನನಗೆ ಮೊದಲ ತಿಂಗಳಲ್ಲೇ ಗೊತ್ತಾಯಿತು. ಪಾದರಸ ಹುಡುಕುವವನಿಗೇ ಪಾದರಸ ಹತ್ತಿತು ಎಂದು ಜನ ನಗುತ್ತಾರೆ ಎಂದು ಹೇಳಲಿಲ್ಲ. ಪ್ರಬಂಧ ಮುಗಿಯಲಿ ಅಂದೆ. ಮುಗಿದ ಮೇಲೂ ಶಿವಲಿಂಗವ್ವನಿಗೆ ಹೇಳಲಿಲ್ಲ. ನಿಮ್ಮ ವಿಷಯದಲ್ಲಿ ಮುಚ್ಚಿಟ್ಟು ಏನಾಯಿತೆಂದು ಕಂಡವನು, ನನ್ನ ವಿಷಯದಲ್ಲೂ ಅದನ್ನೇ ಮಾಡಿದೆ.

ನಿನ್ನ ಪತ್ರ ಬಂದ ದಿನ ಅದನ್ನು ಅವಳ ಕೈಗೆ ಕೊಟ್ಟೆ. ಓದಿ ನನ್ನ ಪಕ್ಕದಲ್ಲಿ ಕೂತಳು. ಮರುದಿನ ನಾವಿಬ್ಬರೂ ಕೂಡಿ ಪ್ರಿನ್ಸಿಪಾಲರ ಹತ್ತಿರ ಹೋದೆವು. ಉಗ್ರಾಣದ ಹಿಂದಿನ ಆ ಕತ್ತಲೆ ಕೋಣೆಯ ಕಿಟಕಿಗಳನ್ನು ತೆರೆಸಿ ನೆಲದ ಹಾಸುಗಲ್ಲು ಎಬ್ಬಿಸಿದರು. ಸಂದಿಗಳಲ್ಲಿ ವರ್ಷಾನುಗಟ್ಟಲೆ ಚೆಲ್ಲಿದ ಪಾದರಸ ಗುಂಡುಗುಂಡಾಗಿ ನಿಂತಿತ್ತು. ನಾನು ಬರುವ ಮೊದಲಿನದೂ ಇತ್ತು, ನಾನು ಚೆಲ್ಲಿದ್ದೂ ಇತ್ತು. ಕೋಣೆಗೆ ಬೀಗ ಹಾಕಿದ್ದಾರೆ. ಹುಬ್ಬಳ್ಳಿಯ ಡಾಕ್ಟರು ನನ್ನನ್ನು ನೋಡಿ, ಹಿಂದೆ ಒಬ್ಬ ಹೆಣ್ಣುಮಗಳನ್ನು ಕಳಿಸಿದವರು ನೀವೇ ಅಲ್ಲವೇ ಅಂದರು. ಸೂಜಿ ಶುರುವಾಗಿದೆ. ಮೂರು ತಿಂಗಳು ಕಾಲೇಜಿನ ಕಡೆ ಹೋಗುವ ಹಾಗಿಲ್ಲ.

ಸೂಜಿ ಮುಗಿದ ಮೇಲೆ ಇಳಕಲ್ಲಿಗೆ ಬರುತ್ತೇವೆ. ಎಷ್ಟು ದಿನ ಇರುತ್ತೇವೆ ಎಂದು ತಿಳಿಯದು, ಅಕ್ಕ ಹೋಗು ಅನ್ನುವವರೆಗೆ. ನಿನ್ನ ಹಂಡೆಯ ಹತ್ತಿರ ಕೂರುತ್ತೇನೆ.

ಈ ಪತ್ರವನ್ನು ಶಿವಲಿಂಗವ್ವ ಬರೆಯುತ್ತೇನೆ ಅಂದಳು, ನಾನೇ ಬರೆಯುತ್ತೇನೆ ಎಂದು ಹಟ ಹಿಡಿದೆ. ಮೂರು ದಿನ ಹಿಡಿಯಿತು. ಅಕ್ಷರ ನಿನಗೆ ತಿಳಿಯದಿದ್ದರೆ ಅಕ್ಕನಿಗೆ ತೋರಿಸು. ಅವಳಿಗೆ ಓದಲು ಬರುವುದಿಲ್ಲ, ಆದರೆ ಈ ಗೆರೆಗಳನ್ನು ನೋಡಿದರೆ ನಾನು ಹೇಗಿದ್ದೇನೆ ಎಂದು ಅವಳು ನಿನಗೆ ಹೇಳುತ್ತಾಳೆ.

ನಿನ್ನ
ರಾಚಪ್ಪ